ವಾರಾಂತ್ಯದ ತಡಬೆಳಗಿನ ತಿಂಡಿ: ಬೆಂಗಳೂರಿನಲ್ಲಿ ಗೆಳೆಯರೊಡನೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರವೋ ಭಾನುವಾರವೋ ಬೆಳಗ್ಗೆ ಒಟ್ಟಿಗೆ ಸೇರಿ, ಬೆಂಗಳೂರಿನ ಯಾವುದಾದರೊಂದು ಹೋಟೆಲಿನಲ್ಲಿ ತಿಂಡಿ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಮನೆ ಸೇರುವ ಅಭ್ಯಾಸ ನಮ್ಮ ಆರು ಮಂದಿಯ ಬಳಗಕ್ಕೆ ಹಲವು ವರ್ಷಗಳಿಂದ ಇದೆ. ಊರಿಗೆ ಹೊಸದಾಗಿ ಬಂದವರು, ಹಳಬರಾಗಿದ್ದೂ ತಮ್ಮ ಬಡಾವಣೆಯ ಆಚೆಗೆ ತಿಂಡಿಗೆಂದು ಹೋಗದವರು ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ಬ್ರಂಚ್ ಎಂಬುದು ನಮ್ಮ ಊರಿಗೆ ಹೊರಗಿನಿಂದ ಬಂದ ಪದ್ಧತಿಯಲ್ಲವೇ?

ಪದ ಹೊರಗಿನದು. ಭಾನುವಾರ ತಡವಾಗಿ ಏಳುವವರಿಗೆ ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಎರಡೂ ಸೇರಿದ ಒಂದೇ ಹೊತ್ತಿನ ಆಹಾರ ಸಾಕೆಂದು ಇಂಗ್ಲೆಂಡಿನಲ್ಲಿ 1895ರಲ್ಲಿ ಪ್ರಕಟವಾದ ಬರಹವೊಂದು ವಾದಿಸಿತು, ಪದ ಅಲ್ಲಿಂದ ಹರಡಿತು. ಆದರೆ ಹತ್ತು ಗಂಟೆಗೆ ಹೊಟ್ಟೆ ತುಂಬ ಉಣ್ಣುವುದು ನಮಗೆ ಹೊಸದಲ್ಲ. ಹೊಲದಲ್ಲಿ ದುಡಿಯುವವರು ಹೊತ್ತು ಏರುವ ಮೊದಲೇ ಮುದ್ದೆ ಉಂಡರೆ, ಹಳೆಯ ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಹುಳಿ, ಸಾರು, ಮಜ್ಜಿಗೆಯ ಪೂರ್ತಿ ಊಟ ಮುಗಿಸಿಯೇ ಕಚೇರಿಗೆ ಹೊರಡುತ್ತಿದ್ದವರು ಬಹಳ ಮಂದಿ. ಅಂಥವರಿಗೆ ಹೋಟೆಲಿನ ತಿಂಡಿ ನೆನಪಾಗುತ್ತಿದ್ದದ್ದು ಮಧ್ಯಾಹ್ನ ಮೂರರ ಮೇಲೆ. ಹಾಗಾಗಿ ನಾವು ಬ್ರಂಚ್ ಎನ್ನದೆ ತಡಬೆಳಗಿನ ತಿಂಡಿ ಎನ್ನುತ್ತೇವೆ. ಹೆಸರು ಏನೇ ಇರಲಿ, ಆ ಹೊತ್ತಿಗೆ ಚೆನ್ನಾಗಿ ಹಸಿದಿರುವುದು ಮುಖ್ಯ.

ಎಷ್ಟು ಗಂಟೆಗೆ ಹೊರಡಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಹೊರದೇಶಗಳ ನಗರಗಳಲ್ಲಿ ಬ್ರಂಚ್ ಎಂದರೆ ಹನ್ನೊಂದರಿಂದ ಮೂರರವರೆಗೆ ಯಾವಾಗ ಬೇಕಾದರೂ ನಡೆದುಹೋಗುತ್ತದೆ. ನಮ್ಮ ಹಳೆಯ ತಿಂಡಿ ಹೋಟೆಲುಗಳು ಹಾಗಲ್ಲ, ಅವುಗಳ ಅಡುಗೆಮನೆ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ (ಮಾವಳ್ಳಿ ಟಿಫಿನ್ ರೂಮ್ಸ್) ಬೆಳಗಿನ ತಿಂಡಿ ಸುಮಾರು 11 ಗಂಟೆಗೆ ಮುಗಿದರೆ ಊಟ ಆರಂಭವಾಗುವುದು 12.30ರ ಹೊತ್ತಿಗೆ. ನಡುವಿನ ಆ ಒಂದೂವರೆ ಗಂಟೆಯಲ್ಲಿ ಹೋದವರಿಗೆ ಎರಡೂ ಸಿಗುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ ಮಧ್ಯಾಹ್ನ ಬಾಗಿಲು ಹಾಕಿ, ಮತ್ತೆ ಎರಡು ಗಂಟೆಯ ಮೇಲೆ ತೆರೆಯುತ್ತದೆ.

ನಮ್ಮ ಲೆಕ್ಕ ಹೀಗಿದೆ. ಹತ್ತಕ್ಕೆ ತಟ್ಟೆ ಮುಂದೆ ಬರಬೇಕಾದರೆ ಒಂಬತ್ತಕ್ಕೇ ಹೋಟೆಲಿನ ಮುಂದೆ ಇರಬೇಕು, ಏಕೆಂದರೆ ವಾರಾಂತ್ಯದಲ್ಲಿ ಒಂಬತ್ತರಿಂದ ಹತ್ತೂವರೆಯವರೆಗೆ ಸರದಿ ಅತಿ ಉದ್ದವಾಗಿರುತ್ತದೆ. ಒಂಬತ್ತಕ್ಕೆ ಬರಲಾಗದವರು ಹಳೆಯ ಹೋಟೆಲಿನ ಆಸೆ ಬಿಟ್ಟು, ದಿನವಿಡೀ ತೆರೆದಿರುವ ದರ್ಶಿನಿಯನ್ನೋ (ಟೋಕನ್ ಪಡೆದು ನಿಂತು ತಿನ್ನುವ ಹೋಟೆಲು) ಕೆಫೆಯನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ವೇಳೆಗಳು ಆಗಾಗ ಬದಲಾಗುತ್ತವೆಯಾದ್ದರಿಂದ, ಹಿಂದಿನ ದಿನ ಒಮ್ಮೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳುವ ಕೆಲಸವನ್ನು ಬಳಗದಲ್ಲಿ ಒಬ್ಬರಿಗೆ ವಹಿಸಿಬಿಡಿ.

ರಜೆಯ ದಿನಗಳು ಯಾವುವು?

ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಎರಡರಿಂದಲೂ ವಾರಾಂತ್ಯಕ್ಕೆ ತೊಂದರೆಯಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ವಾರದ ರಜೆ ಮಾತ್ರ ಭಾನುವಾರವೇ ಆದ್ದರಿಂದ ಅಲ್ಲಿಗೆ ಶನಿವಾರ ಹೋಗಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟರಲ್ಲೇ ಅಲ್ಲಿಯ ಪಟ್ಟಿ ಮುಗಿಯುತ್ತದೆ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿಯನ್ನು ಎಷ್ಟು ಸಲ ಕೇಳಿದರೂ ಬೇಸರಿಸದೆ ಬಡಿಸುತ್ತಾರೆ. ಪಟ್ಟಿ ಚಿಕ್ಕದಾಗಿದ್ದರೆ ಪ್ರತಿಯೊಂದು ತಿಂಡಿಯೂ ಬಿಸಿಯಾಗಿ, ಆಗಷ್ಟೇ ಮಾಡಿದ್ದಾಗಿ ಸಿಗುತ್ತದೆ ಎಂಬುದನ್ನು ನಾವು ಮೊದಲು ಕಲಿತದ್ದು ಅಲ್ಲಿಯೇ.

ಬಳಗದಲ್ಲಿ ಎಷ್ಟು ಜನ ಇರಬಹುದು?

ನಾಲ್ಕು ಜನ ಉತ್ತಮ, ಆರು ಜನ ಕೊನೆಯ ಮಿತಿ. ಹಳೆಯ ಹೋಟೆಲುಗಳ ಮೇಜುಗಳು ನಾಲ್ವರಿಗೆಂದು ಇರುವಂಥವು. ಆರು ಮಂದಿ ಹೋದರೆ ಇಬ್ಬರು ಬೇರೆ ಮೇಜಿನಲ್ಲಿ ಅಪರಿಚಿತರ ಜೊತೆ ಕೂರಬೇಕಾಗುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಬೇಕು. ಒಮ್ಮೆ ನಾವು ಹನ್ನೊಂದು ಜನ ಒಟ್ಟಿಗೆ ಹೋಗಿ, ಎಲ್ಲರಿಗೂ ಒಂದೇ ಕಡೆ ಜಾಗ ಬೇಕೆಂದು ಹಟ ಹಿಡಿದು, ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಂತೆವು. ನಮ್ಮ ಹಿಂದೆ ಬಂದ ಇಬ್ಬರು ಮೂವರ ಗುಂಪುಗಳೆಲ್ಲ ತಿಂದು ಹೊರಟುಹೋದವು. ಕೊನೆಗೆ ಒಳಗೆ ಹೋದಾಗ ವಡೆ ಮುಗಿದಿತ್ತು. ತಪ್ಪು ಸಂಪೂರ್ಣವಾಗಿ ನಮ್ಮದೇ. ಅಂದಿನಿಂದ ಜನ ಹೆಚ್ಚಾದ ದಿನ ಎರಡು ತಂಡ ಮಾಡಿಕೊಂಡು, ತಿಂದ ಮೇಲೆ ಹೊರಗೆ ಸೇರುತ್ತೇವೆ.

ತಿಂಡಿ ಮುಗಿದ ಕೂಡಲೇ ಏಳಬೇಕೇ? ಗೆಳೆಯರು ಸೇರುವುದೇ ಮಾತಿಗಾಗಿ ಅಲ್ಲವೇ?

ಮಾತಿಗಾಗಿಯೇ ಸೇರುವುದು ನಿಜ, ಆದರೆ ಬೆಂಗಳೂರಿನ ತಿಂಡಿ ಹೋಟೆಲಿನಲ್ಲಿ ತಿನ್ನುವ ಜಾಗ ಬೇರೆ, ಮಾತಾಡುವ ಜಾಗ ಬೇರೆ. ಇದನ್ನು ಒಪ್ಪಿಕೊಂಡ ದಿನದಿಂದ ನಮ್ಮ ವಾರಾಂತ್ಯಗಳು ಹೆಚ್ಚು ಸುಖವಾದವು. ಕುರ್ಚಿಯ ಹಿಂದೆ ಒಬ್ಬ ಅಜ್ಜ ಮೊಮ್ಮಗಳ ಕೈ ಹಿಡಿದು ನಿಂತಿರುವಾಗ ಖಾಲಿ ಲೋಟ ಹಿಡಿದು ಹರಟುವುದು ಸರಿಯಲ್ಲ. ಮಾತಿಗೆ ಎರಡು ಹೊತ್ತುಗಳಿವೆ: ಸರದಿಯಲ್ಲಿ ನಿಂತಿರುವ ಹೊತ್ತು, ಮತ್ತು ತಿಂದಾದ ಮೇಲಿನ ಹೊತ್ತು. ಸರದಿಯನ್ನು ಕಾಲಹರಣ ಎಂದು ಭಾವಿಸಿ ಎಲ್ಲರೂ ಮೊಬೈಲಿಗೆ ತಲೆ ಬಗ್ಗಿಸಿದರೆ ವಾರದ ಅತ್ಯುತ್ತಮ ಅರ್ಧ ಗಂಟೆ ಕೈತಪ್ಪಿದಂತೆ.

ಈ ಕಾರಣಕ್ಕೆ ನಾವು ಪ್ರತಿ ಹೋಟೆಲಿಗೂ ಒಂದು ಮಾತಿನ ಜಾಗವನ್ನು ಜೋಡಿಸಿಕೊಂಡಿದ್ದೇವೆ. ಎಂಟಿಆರ್‌ನಿಂದ ಲಾಲ್‌ಬಾಗ್ ಹತ್ತಿರ. ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಹತ್ತರ ನಂತರ ಬಿಸಿಲು ಜೋರಾಗುವುದರಿಂದ ಅಲ್ಲಿಗೆ ಹೋಗದೆ ಮರಗಳ ಕೆಳಗಿನ ಕಲ್ಲುಬೆಂಚುಗಳನ್ನು ಹುಡುಕುತ್ತೇವೆ. ವಿದ್ಯಾರ್ಥಿ ಭವನದಿಂದ ನಡೆಯುವಷ್ಟು ದೂರದಲ್ಲಿ ಕಹಳೆ ಬಂಡೆಯ ಉದ್ಯಾನವಿದೆ; ದಾರಿಯಲ್ಲಿ ಗಾಂಧಿ ಬಜಾರಿನ ಹೂವು ಹಣ್ಣುಗಳನ್ನು ನೋಡುತ್ತ ಹೋಗಬಹುದು. ಮಲ್ಲೇಶ್ವರದ ಸಿಟಿಆರ್‌ನಲ್ಲಿ (ಸೆಂಟ್ರಲ್ ಟಿಫಿನ್ ರೂಮ್) ತಿಂದವರು ಎಂಟನೆಯ ಅಡ್ಡರಸ್ತೆಯ ಅಂಗಡಿ ಸಾಲು ದಾಟಿ ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆಗೆ ಹೋಗಬಹುದು, ಇಲ್ಲವೇ ಇನ್ನೂ ಸ್ವಲ್ಪ ನಡೆದು 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯನ್ನು ಸೇರಬಹುದು. ದಂಡು ಪ್ರದೇಶದ ಕಡೆಗೆ ಹೋದ ದಿನ ಕಬ್ಬನ್ ಪಾರ್ಕ್ ಇದ್ದೇ ಇದೆ. ಭಾನುವಾರಗಳಂದು ಅದರ ಒಳರಸ್ತೆಗಳಲ್ಲಿ ವಾಹನ ಸಂಚಾರವಿಲ್ಲದಿರುವುದರಿಂದ ಆರು ಜನ ಸಾಲಾಗಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತೆ, ನಿಶ್ಚಿಂತೆಯಿಂದ ನಡೆಯಬಹುದು.

ಕುಳಿತೇ ಮಾತಾಡಬೇಕೆನ್ನುವವರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಮತ್ತು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ಇವೆ. ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆಯ ತನ್ನ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದಿತು. ತಿಂದ ಮೇಲೆ ಅದೇ ಬೀದಿಯ ಹಳೆಯ ಪುಸ್ತಕದಂಗಡಿಗಳಿಗೆ ಹೊಕ್ಕರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮಸಾಲೆ ದೋಸೆ ಎಲ್ಲೆಡೆಯೂ ಒಂದೇ ಅಲ್ಲವೇ? ಹೋಟೆಲು ಬದಲಿಸಿ ತಿನ್ನುವುದರಲ್ಲಿ ಏನಿದೆ?

ಒಂದೇ ಅಲ್ಲ. ಒಂದೊಂದು ವಾರ ಒಂದೊಂದು ಕಡೆ ತಿಂದು ನೋಡುವ ನಮ್ಮ ಅಭ್ಯಾಸ ಹುಟ್ಟಿದ್ದೇ ಈ ವ್ಯತ್ಯಾಸ ಕಂಡುಕೊಳ್ಳುವುದಕ್ಕೆ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆ ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ನೀರಾದ ಚಟ್ನಿ ಬರುತ್ತದೆ, ಸಾಂಬಾರ್ ಬರುವುದಿಲ್ಲ. ತೋಳಿನುದ್ದಕ್ಕೂ ತಟ್ಟೆಗಳನ್ನು ಪೇರಿಸಿಕೊಂಡು ಸಪ್ಲೈಯರ್ ಬರುವುದನ್ನು ನೋಡುವುದೇ ಒಂದು ಸಂತೋಷ. ಸಿಟಿಆರ್‌ನ ಬೆಣ್ಣೆ ಮಸಾಲೆ ಅದಕ್ಕಿಂತ ಹೆಚ್ಚು ಗರಿಯಾಗಿರುತ್ತದೆ, ಬೆಣ್ಣೆಯ ಘಮ ಮುಂದಾಗಿರುತ್ತದೆ. ಎಂಟಿಆರ್‌ನಲ್ಲಿ ದೋಸೆಯ ಜೊತೆ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ.

ದಾವಣಗೆರೆ ಬೆಣ್ಣೆ ದೋಸೆ ಇವೆಲ್ಲಕ್ಕಿಂತ ಬೇರೆಯ ಮನೆತನ. ಹಿಟ್ಟು ರುಬ್ಬುವಾಗ ಮಂಡಕ್ಕಿ ಸೇರಿಸುವುದು, ಒಳಗೆ ಕೆಂಪು ಚಟ್ನಿ ಸವರದಿರುವುದು, ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ಕಾಯಿಚಟ್ನಿ ಕೊಡುವುದು ಅದರ ಕ್ರಮ. ಬೆಂಗಳೂರಿನ ಮಸಾಲೆ ದೋಸೆಯ ಕೆಂಪು ಚಟ್ನಿಗೆ ನಾಲಗೆ ಒಗ್ಗಿದವರು ಇದನ್ನು ಮೊದಲ ಸಲ ತಿಂದಾಗ ಖಾರ ಕಡಿಮೆ ಎನ್ನುತ್ತಾರೆ. ಎರಡನೆಯ ಸಲಕ್ಕೆ ಬೆಣ್ಣೆಯ ರುಚಿ ಹಿಡಿಯುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ನಮ್ಮ ಬಳಗದಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮತ ಗಾಂಧಿ ಬಜಾರಿಗೆ.

ಎಂಟಿಆರ್‌ಗೆ ಮೊದಲ ಸಲ ಹೋಗುವವರು ಏನು ತರಿಸಬೇಕು?

ಮೊದಲು ರವೆ ಇಡ್ಲಿ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಈ ಸಂಸ್ಥೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಗೋಧಿಯ ರವೆಯಿಂದ ಇಡ್ಲಿ ಮಾಡಿ ನೋಡಿತೆಂಬುದು ಅಲ್ಲಿಯವರು ಹೇಳಿಕೊಂಡು ಬಂದಿರುವ ಇತಿಹಾಸ. ಗೋಡಂಬಿ, ಸಾಸಿವೆ, ಕೊತ್ತಂಬರಿ ಬಿದ್ದ ಆ ಇಡ್ಲಿಗೆ ತುಪ್ಪ ಸುರಿದು, ಆಲೂಗಡ್ಡೆ ಸಾಗುವಿನೊಂದಿಗೆ ತಿನ್ನಬೇಕು. ನಾಲ್ವರಿದ್ದರೆ ಎರಡು ರವೆ ಇಡ್ಲಿ, ಎರಡು ಮಸಾಲೆ ದೋಸೆ, ಒಂದು ಖಾರಾಬಾತ್ ತರಿಸಿ ಹಂಚಿಕೊಳ್ಳುವುದು ನಮ್ಮ ರೂಢಿ. ಭಾನುವಾರವಾದರೆ ಚಂದ್ರಹಾರ ಇದೆಯೇ ಎಂದು ಮರೆಯದೆ ಕೇಳಿ. ಪದರಪದರವಾದ ಕರಿದ ಹಿಟ್ಟಿನ ಮೇಲೆ ಕುದಿಸಿ ಗಟ್ಟಿಯಾಗಿಸಿದ ಸಿಹಿ ಹಾಲು ಹಾಕಿಕೊಡುವ ಈ ಸಿಹಿ ಅಲ್ಲಿ ಭಾನುವಾರದ ವಿಶೇಷ. ಇಷ್ಟಾದ ಮೇಲೆ ಊಟಕ್ಕೆ ಜಾಗವಿರುವುದಿಲ್ಲ. ಊಟದ ಎಲೆಗೆಂದು ಹೋಗುವುದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ.

ನಮ್ಮ ಬಳಗದಲ್ಲಿ ಹೆಚ್ಚಿನವರು ಮಾಂಸಾಹಾರಿಗಳು. ನಾವು ಎಲ್ಲಿಗೆ ಹೋಗಬೇಕು?

ಮಿಲಿಟರಿ ಹೋಟೆಲಿಗೆ. ಬೆಂಗಳೂರಿನ ವಾರಾಂತ್ಯದ ತಿಂಡಿಯೆಂದರೆ ದೋಸೆ ಇಡ್ಲಿ ಮಾತ್ರ ಎಂಬಂತೆ ಬರೆಯುವುದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಈ ಊರಿನ ಭಾನುವಾರದ ಅರ್ಧ ಭಾಗ ಇರುವುದು ಕಾಲುಸೂಪು, ಖೀಮಾ, ಚಾಪ್ಸ್, ದೊನ್ನೆ ಬಿರಿಯಾನಿಗಳಲ್ಲಿ. ಬೆಳಗ್ಗೆ ಇಡ್ಲಿಗೋ ದೋಸೆಗೋ ಖೀಮಾ ಅಥವಾ ಕಾಲುಸೂಪು ಕೊಡುವ ಹೋಟೆಲುಗಳು ಹಳೆಯ ಪೇಟೆ ಪ್ರದೇಶದಲ್ಲಿಯೂ ಬಸವನಗುಡಿ, ಜಯನಗರಗಳ ಸುತ್ತಲೂ ಇವೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಮಟನ್ ದೊನ್ನೆ ಬಿರಿಯಾನಿಗೆ ಊರಿಡೀ ಹೆಸರಿದೆ. ಸಣ್ಣ ಅಕ್ಕಿ, ಪುದೀನ ಕೊತ್ತಂಬರಿಗಳ ಹಸಿರು ಮಸಾಲೆ, ಅಡಿಕೆ ಹಾಳೆಯ ದೊನ್ನೆ, ಇವು ಈ ಬಿರಿಯಾನಿಯ ಗುರುತು. ಹೈದರಾಬಾದಿನ ಬಿರಿಯಾನಿಯ ನಿರೀಕ್ಷೆಯಲ್ಲಿ ಹೋದವರಿಗೆ ನಿರಾಸೆಯಾಗಬಹುದು, ಆದ್ದರಿಂದ ಆ ನೆನಪನ್ನು ಬದಿಗಿಟ್ಟು ಹೋಗಿ. ಮಟನ್ ಖಾದ್ಯಗಳು ಮೊದಲು ಖಾಲಿಯಾಗುತ್ತವೆ; ಒಂದು ಗಂಟೆಯ ಮೇಲೆ ಹೋದರೆ ಇದ್ದುದನ್ನೇ ತಿನ್ನಬೇಕಾಗುತ್ತದೆ.

ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಸೇರಿರುವ ಬಳಗಕ್ಕೆ ಕೋಶೀಸ್ ಅನುಕೂಲ. ಒಂದೇ ಮೇಜಿನಲ್ಲಿ ಒಬ್ಬರು ಮೊಟ್ಟೆ, ಇನ್ನೊಬ್ಬರು ಟೋಸ್ಟ್, ಮತ್ತೊಬ್ಬರು ಭಾನುವಾರದ ಅಪ್ಪಂ ಸ್ಟ್ಯೂ ತಿನ್ನಬಹುದು, ಬೇಗ ಏಳಿ ಎಂದು ಯಾರೂ ಅವಸರಿಸುವುದಿಲ್ಲ. ಒಬ್ಬರೇ ಒಬ್ಬರು ಸಸ್ಯಾಹಾರಿ ಇದ್ದರೂ ಅವರನ್ನು ಮಿಲಿಟರಿ ಹೋಟೆಲಿಗೆ ಕರೆದೊಯ್ದು ಬರಿಯ ಅನ್ನದ ಮುಂದೆ ಕೂರಿಸಬಾರದು ಎಂಬುದು ನಮ್ಮ ನಿಯಮ.

ದರ್ಶಿನಿಗಳನ್ನು ಈ ಪಟ್ಟಿಗೆ ಸೇರಿಸಬಹುದೇ?

ಅಗತ್ಯವಾಗಿ ಸೇರಿಸಬಹುದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಂದಿನಿಂದ, ಟೋಕನ್ ಪಡೆದು ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕಡಿಮೆ ದುಡ್ಡು, ಕಾಣುವ ಅಡುಗೆಮನೆ, ಬೇಗ ಬರುವ ತಿಂಡಿ ಇವು ಅದರ ಗುಣಗಳು. ಈಚಿನ ವರ್ಷಗಳಲ್ಲಿ ತುಪ್ಪದ ಪುಡಿ ಇಡ್ಲಿ, ತುಪ್ಪದ ದೋಸೆಗಳಿಗೆ ಹೆಸರಾದ ಹೊಸ ದರ್ಶಿನಿಗಳ ಮುಂದೆಯೂ ಉದ್ದನೆಯ ಸರದಿ ಇರುತ್ತದೆ. ಅಷ್ಟು ಹೊತ್ತು ಕಾಯುವುದಕ್ಕಿಂತ ನಿಮ್ಮ ಬಡಾವಣೆಯ ದರ್ಶಿನಿಯಲ್ಲಿ ಚೌಚೌ ಬಾತ್ ತಿಂದು, ಬೈಟು ಕಾಫಿ ಕುಡಿದು ಬರುವುದು ಎಷ್ಟೋ ಸಲ ಹೆಚ್ಚು ತೃಪ್ತಿ ಕೊಟ್ಟಿದೆ.

ದೊಡ್ಡ ತಾರಾ ಹೋಟೆಲುಗಳ ಭಾನುವಾರದ ಬ್ರಂಚ್ ದುಡ್ಡಿಗೆ ತಕ್ಕದ್ದೇ?

ವರ್ಷಕ್ಕೊಮ್ಮೆ, ಯಾರದಾದರೂ ಹುಟ್ಟುಹಬ್ಬಕ್ಕೆ ಸರಿ. ಅಲ್ಲಿ ತಲೆಗಿಷ್ಟೆಂದು ದರ ನಿಗದಿಯಾಗಿರುತ್ತದೆ, ಮದ್ಯ ಬೇಕಾದರೆ ಬೇರೆ ದರ, ಮೇಲೆ ತೆರಿಗೆ. ಸಾಮಾನ್ಯವಾಗಿ ಹನ್ನೆರಡೂವರೆಯ ಮೇಲೆ ಆರಂಭವಾಗುವುದರಿಂದ ಇದು ತಿಂಡಿಗಿಂತ ಊಟಕ್ಕೆ ಹತ್ತಿರ. ಮೇಜನ್ನು ಮೊದಲೇ ಕಾಯ್ದಿರಿಸಬೇಕು, ಮತ್ತು ದರದಲ್ಲಿ ತೆರಿಗೆ ಸೇರಿದೆಯೇ ಎಂದು ಆಗಲೇ ಕೇಳಿಕೊಳ್ಳಬೇಕು.

ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಕೊಡಲೇಬೇಕೇ?

ಕೊಡಲೇಬೇಕೆಂದಿಲ್ಲ. ಗ್ರಾಹಕರನ್ನು ಕೇಳದೆ ಬಿಲ್ಲಿಗೆ ತಾನಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೆಫೆಯೊಂದರಲ್ಲಿ ನಮ್ಮ ಬಿಲ್ಲಿಗೆ ಹತ್ತು ಪ್ರತಿಶತ ಸೇರಿಸಿದ್ದನ್ನು ತೋರಿಸಿ, ತೆಗೆದುಹಾಕಿ ಎಂದು ಮೆಲುದನಿಯಲ್ಲಿ ಕೇಳಿದೆವು, ತೆಗೆದರು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಎಸ್‌ಟಿಯ ವಿಷಯ ಬೇರೆ. ಸಾಮಾನ್ಯ ಹೋಟೆಲುಗಳಲ್ಲಿ 5 ಪ್ರತಿಶತ, ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕೋಣೆಗಳಿರುವ ಹೋಟೆಲುಗಳ ಒಳಗಿನ ಉಪಾಹಾರ ಗೃಹಗಳಲ್ಲಿ 18 ಪ್ರತಿಶತ. ತಾರಾ ಹೋಟೆಲಿನ ಬಿಲ್ಲು ಅಂದುಕೊಂಡದ್ದಕ್ಕಿಂತ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ಸೇವಾ ಶುಲ್ಕ ಕೊಡದಿದ್ದರೂ ಚೆನ್ನಾಗಿ ಬಡಿಸಿದವರ ಕೈಗೆ ನೇರವಾಗಿ ಭಕ್ಷೀಸು ಕೊಡಲು ಮರೆಯಬೇಡಿ. ಎಲ್ಲರೂ ಯುಪಿಐನಲ್ಲಿ ಪಾವತಿಸುವ ಈ ಕಾಲದಲ್ಲಿ ಅವರ ಕೈಗೆ ಚಿಲ್ಲರೆ ಸೇರುವುದೇ ಕಡಿಮೆಯಾಗಿದೆ.

ಖರ್ಚನ್ನು ಹೇಗೆ ಹಂಚಿಕೊಳ್ಳುತ್ತೀರಿ?

ದೋಸೆ ಹೋಟೆಲಿನಲ್ಲಿ ಸರದಿಯಂತೆ ವಾರಕ್ಕೊಬ್ಬರು ಕೊಡುತ್ತಾರೆ. ದುಬಾರಿ ಜಾಗಕ್ಕೆ ಹೋಗುವಾಗ ಮಾತ್ರ ಮೊದಲೇ ಅಂದಾಜು ವೆಚ್ಚ ಹೇಳಿ, ಎಲ್ಲರ ಒಪ್ಪಿಗೆ ಪಡೆದು, ಅವರವರು ತಿಂದದ್ದಕ್ಕೆ ಅವರವರು ಕೊಡುತ್ತೇವೆ. ಕೆಲಸ ಬಿಟ್ಟಿರುವ, ಸಾಲ ತೀರಿಸುತ್ತಿರುವ ಗೆಳೆಯರು ಹೇಳಿಕೊಳ್ಳಲಾಗದೆ ಬರುವುದನ್ನೇ ನಿಲ್ಲಿಸುತ್ತಾರೆ. ಅಂಥದ್ದನ್ನು ಒಮ್ಮೆ ಕಂಡ ಮೇಲೆ ತಿಂಗಳಿಗೆ ಮೂರು ವಾರ ಅಗ್ಗದ ಜಾಗಗಳಿಗೇ ಹೋಗುವುದೆಂದು ನಿರ್ಧರಿಸಿದೆವು.

ವಾಹನ ನಿಲ್ಲಿಸಲು ಜಾಗ ಸಿಗುತ್ತದೆಯೇ?

ಗಾಂಧಿ ಬಜಾರು, ಮಲ್ಲೇಶ್ವರಗಳಲ್ಲಿ ಕಾರಿಗೆ ಜಾಗ ಹುಡುಕುವುದರಲ್ಲೇ ಹಸಿವು ಕಳೆದುಹೋಗುತ್ತದೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಎಂಟಿಆರ್‌ಗೆ ಲಾಲ್‌ಬಾಗ್ ನಿಲ್ದಾಣ, ವಿದ್ಯಾರ್ಥಿ ಭವನಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣ, ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ ನಿಲ್ದಾಣ ಅನುಕೂಲ. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಇಳಿದರೆ ಚರ್ಚ್ ಸ್ಟ್ರೀಟ್ ಪಕ್ಕದಲ್ಲೇ. ಭಾನುವಾರ ಮೊದಲ ರೈಲು ಉಳಿದ ದಿನಗಳಿಗಿಂತ ತಡ ಎಂಬುದು ನೆನಪಿರಲಿ.

ಕೆಲವು ಆಹಾರ ಒಗ್ಗದವರು ಏನು ಗಮನಿಸಬೇಕು?

ಗೋಧಿ ಒಗ್ಗದವರಿಗೆ ಇಡ್ಲಿ ದೋಸೆ ನಿರಪಾಯವೆಂಬ ನಂಬಿಕೆಯಿದೆ, ಆದರೆ ರವೆ ಇಡ್ಲಿ, ಖಾರಾಬಾತ್, ಕೇಸರಿಬಾತ್ ಎಲ್ಲವೂ ಗೋಧಿಯ ರವೆಯವು. ಸಾಂಬಾರಿಗೆ ಹಾಕುವ ಬಳಕೆಯ ಇಂಗಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಡಂಬಿ, ಕಡಲೆಕಾಯಿ ಒಗ್ಗದವರು ಚಟ್ನಿ ಮತ್ತು ಸಾಗುವಿನ ಬಗ್ಗೆ ತಿನ್ನುವ ಮೊದಲೇ ಕೇಳಬೇಕು.

ಊರ ಹೊರಗೆ ಹೋಗಿ ತಿನ್ನುವುದಾದರೆ?

ಮೈಸೂರು ದಾರಿಯ ಬಿಡದಿ ತಟ್ಟೆ ಇಡ್ಲಿ ನಮ್ಮ ಆಯ್ಕೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ವೇಗವಾಗಿ ಹೋಗುವವರಿಗೆ ಇದರಿಂದ ಲಾಭವಾದರೂ ಹಳೆಯ ರಸ್ತೆಯ ಪ್ರಯಾಣಿಕರನ್ನೇ ನಂಬಿದ್ದ ತಿಂಡಿ ಹೋಟೆಲುಗಳಿಗೆ ದೊಡ್ಡ ಪೆಟ್ಟು ಬಿತ್ತು. ಆದ್ದರಿಂದ ಬಿಡದಿಗೆಂದು ಹೊರಟವರು ಹೆದ್ದಾರಿ ಬಿಟ್ಟು ಊರಿನೊಳಗಿನ ರಸ್ತೆಗೆ ಇಳಿಯಬೇಕು. 2023ರ ಆಗಸ್ಟಿನಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ, ಬೈಕಿನಲ್ಲಿ ಹೋಗುವ ಬಳಗ ಪಕ್ಕದ ಸೇವಾ ರಸ್ತೆಯಲ್ಲಿಯೇ ಸಾಗಬೇಕಾಗುತ್ತದೆ. ಬಿಡದಿಯ ಹೋಟೆಲುಗಳಿಗೆ ಹೋಗಲು ಹೇಗೂ ಅದೇ ಸರಿಯಾದ ದಾರಿ. ತಟ್ಟೆಯಗಲದ ಮೆತ್ತನೆಯ ಇಡ್ಲಿಯ ಮೇಲೆ ಬೆಣ್ಣೆಯ ಮುದ್ದೆ ಕರಗುವಾಗ ತಿನ್ನಬೇಕಾದ್ದರಿಂದ ಇದನ್ನು ಪಾರ್ಸೆಲ್ ಕಟ್ಟಿಸಬೇಡಿ.

ಋತುವಿಗೆ ತಕ್ಕಂತೆ ಏನಾದರೂ ವಿಶೇಷವಿದೆಯೇ?

ಡಿಸೆಂಬರ್, ಜನವರಿಯ ಅವರೆಕಾಯಿ ಕಾಲವನ್ನು ತಪ್ಪಿಸಿಕೊಳ್ಳಬೇಡಿ. ಸೊಗಡಿನ ಅವರೆಕಾಳು ಬಿದ್ದ ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹಿತಕಿದ ಬೇಳೆಯ ಸಾರು ಸಿಗುವುದು ಆ ಎರಡು ತಿಂಗಳು. ವಿ.ವಿ. ಪುರದ ತಿಂಡಿ ಬೀದಿ ಈ ತಿನಿಸುಗಳಿಗೆ ಹೆಸರುವಾಸಿಯಾದರೂ ಅದು ಕಳೆಗಟ್ಟುವುದು ಸಂಜೆಯ ಮೇಲೆ. ಬೆಳಗ್ಗೆ ಅಲ್ಲಿಗೆ ಹೋಗಿ ಮುಚ್ಚಿದ ಅಂಗಡಿಗಳನ್ನು ಕಂಡು ಮರಳಿದವರು ಹಲವರಿದ್ದಾರೆ. ಬೆಳಗಿನ ಹೊತ್ತಿಗೆ ಅವರೆಕಾಳಿನ ತಿಂಡಿ ಬೇಕಾದರೆ, ಹಲಗೆಯ ಮೇಲೆ ಅಂದಂದಿನ ವಿಶೇಷ ಬರೆಯುವ ದಕ್ಷಿಣ ಬೆಂಗಳೂರಿನ ಚಿಕ್ಕ ಹೋಟೆಲುಗಳಲ್ಲಿ ವಿಚಾರಿಸಿ. ಒಂದೇ ತಪ್ಪಲೆ ಮಾಡುವ ಕಡೆಗಳಲ್ಲಿ ಒಂಬತ್ತೂವರೆಯ ನಂತರ ಅದು ಉಳಿದಿರುವುದಿಲ್ಲ.